ಮಲಗಿದ ಎಂಜಿನ್ನನ್ನು ಎಬ್ಬಿಸುವ ಶಾಸ್ತ್ರ

ಹುಮನಾಬಾದ್ ಮಾರ್ಗವಾಗಿ ಸಾಗುವ ಪುಣೆ–ಹೈದರಾಬಾದ್ ಹೆದ್ದಾರಿಯ ಲಾರಿಗಳಿಗೆ ಬಸವಕಲ್ಯಾಣವು ಶರಣರ ಊರಾಗಿರುವಂತೆಯೇ ಆಟೋನಗರದ ಊರೂ ಆಗಿದ್ದು, ಲಾರಿಗೆ ಹೊಸ ಬಾಡಿ ಕಟ್ಟುವುದು ಅಲ್ಲಿನ ನಿತ್ಯದ ಕಾಯಕವಾಗಿದೆ. ಅಂಥ ಲಾರಿಗಳನ್ನು ತಯಾರಿಸುವ ಟಾಟಾ ಸಂಸ್ಥೆಯು 1954ರಲ್ಲಿ ಡೈಮ್ಲರ್-ಬೆಂಜ್ ಸಹಯೋಗದಿಂದ ಲಾರಿ ತಯಾರಿಕೆ ಆರಂಭಿಸಿ, ಆ ನಂಟು 1969ರಲ್ಲಿ ಮುಗಿದ ಬಳಿಕವೂ ಅದೇ ವಂಶದ ಎಂಜಿನ್ನುಗಳನ್ನು ಮುಂದುವರಿಸಿತು; ಆರು ಸಿಲಿಂಡರುಗಳ, 97 ಮಿ.ಮೀ. ಬೋರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ವ್ಯಾಸದ, 697 ಎಂಜಿನ್ನು ಅವುಗಳಲ್ಲೊಂದು.

ಇಂಥದೊಂದು ಎಂಜಿನ್ನು ವರ್ಷಗಟ್ಟಲೆ ಗೋಣಿತಟ್ಟಿನಡಿ ಕುಂಭಕರ್ಣನಂತೆ ಮಲಗಿದರೆ ಪಿಸ್ಟನ್ನಿನ ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತವೆ. ಜಾಮ್ ಎನ್ನಲಾಗುವ ಈ ಸ್ಥಿತಿಯಲ್ಲಿ ಡೀಸೆಲ್ ಚಿಮ್ಮುವ ನೋಜಲ್ ಬಿಚ್ಚಿ, ಆ ರಂಧ್ರದಿಂದ ಡೀಸೆಲ್ ಬೆರೆತ ಎಣ್ಣೆ ಸುರಿದು, ಕೆಲವು ದಿನ ನೆನೆಯಬಿಟ್ಟು, ಬಳಿಕ ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಿಸುಕಿಸಬೇಕು. ಎಂಜಿನ್ನು ಇನ್ನೂ ಅಲುಗುವ ಮೊದಲೇ ಲಾರಿ ಮಾಲೀಕನ ಚಿತ್ತವಾದರೋ ಹೊಗೆಯ ರಭಸದಿಂದಲೇ ತಿರುಗಿ ಸಿಲಿಂಡರಿಗೆ ಹೆಚ್ಚು ಗಾಳಿ ನೂಕುವ ಟರ್ಬೊದ ಮೇಲೆಯೇ ಇರುತ್ತದೆ. ಟರ್ಬೊ ಕೂರಿಸಿದರೆ ಅದಕ್ಕೆ ತಕ್ಕಂತೆ ಪಂಪಿನ ಡೀಸೆಲ್ ಅಳತೆ, ರೇಡಿಯೇಟರು, ಎಣ್ಣೆಯ ಕೊಳವೆ ಎಲ್ಲವನ್ನೂ ಬದಲಿಸಬೇಕೆಂದು ಮೇಸ್ತ್ರಿ ವಿವರಿಸಿದಾಗ ಉತ್ಸಾಹದ ಗಾಳಿಯೇ ಮೊದಲು ಇಳಿಯುತ್ತದೆ. ಸುತ್ತ ನಿಂತು ಚಹಾ ಹೀರುವವರೆಲ್ಲ ಒಂದೊಂದು ಸಲಹೆ ನೀಡುವರಾದರೂ ಸ್ಪ್ಯಾನರ್ ಹಿಡಿಯುವವನು ಒಬ್ಬನೇ.

ಏನೇ ಆಗಲಿ, ಎಂಜಿನ್ನು ಗುಡುಗಿದೊಡನೆ ಆಕ್ಸಿಲರೇಟರ್ ತುಳಿಯದೆ, ಎಣ್ಣೆಯ ಒತ್ತಡ ತೋರುವ ಮುಳ್ಳು ಏಳುವವರೆಗೆ ಕಾಯುವವನೇ ಜಾಣ.