ಜೀರಿಗಿ ದೇಶದ ಅಡಗಿ

ನಮ್ಮ ಕಾಕಾ ಸ್ವಿಟ್ಜರ್ಲೆಂಡಿನ ಝೂರಿಕ್ಕಿನಲ್ಲಿ ಇದ್ದದ್ದು ಹನ್ನೊಂದು ತಿಂಗಳು. ತಿರುಗಿ ಬಂದು ಹದಿನಾಲ್ಕು ವರ್ಷವಾಯಿತು. ಇನ್ನೂ ಪೂರ್ತಿ ಬಂದಿಲ್ಲ. ಕಂಪನಿಯವರು ಕಳಿಸಿದರು, ಕೆಲಸ ಮುಗಿದ ಮೇಲೆ ಕಂಪನಿಯವರೇ ಕರೆಸಿಕೊಂಡರು. ನಡುವಿನ ಹನ್ನೊಂದು ತಿಂಗಳನ್ನು ಮಾತ್ರ ಕಾಕಾ ನಮಗೆ ಇವತ್ತಿಗೂ ಕಂತಿನ ಮೇಲೆ ಕೊಡುತ್ತಿದ್ದಾನೆ. ನಮ್ಮ ಆಯಿಗೆ ಆ ಊರಿನ ಹೆಸರು ನಾಲಿಗೆಗೆ ಹತ್ತಲಿಲ್ಲ. "ನಮ್ಮ ಸಣ್ಣಾವ ಜೀರಿಗ್ಯಾಗ ಅದಾನ" ಎಂದು ಆಗ ಓಣಿಗೆಲ್ಲ ಹೇಳಿಕೊಂಡು ಬಂದಳು. ನಮ್ಮೂರು ಹುಲಗೂರಿನ ಮಟ್ಟಿಗೆ ಅದು ಅಂದಿನಿಂದ ಜೀರಿಗಿ ದೇಶ.

ಹೊರದೇಶ ಕಂಡು ಬಂದವರಲ್ಲಿ ಜಾತಿಗಳಿವೆ. ದುಬೈ, ಸೌದಿಗೆ ಹೋದವರು ಸೆಂಟು, ಖರ್ಜೂರ, ಹುಲಿ ಚಿತ್ರದ ಕಂಬಳಿ ತಂದು ಹಂಚಿ ಸುಮ್ಮನಾಗುತ್ತಾರೆ. ಪಡೆದವರಿಗೂ ಸುಖ, ಕೊಟ್ಟವರಿಗೂ ಸುಖ. ಅಮೆರಿಕಾದವರು ಚಾಕೊಲೇಟ್ ಕೊಟ್ಟು, ನೀರಿನ ಬಾಟಲಿ ಬಗಲಲ್ಲಿಟ್ಟುಕೊಂಡು, ನಾಲ್ಕು ದಿನ ಹೊಟ್ಟೆ ಹಿಡಿದು ಹೊರಡುತ್ತಾರೆ. ಯುರೋಪಿಗೆ ಪ್ರಾಜೆಕ್ಟಿನ ಮೇಲೆ ಹೋದವರದೇ ಕಠಿಣ. ಅವರು ತರುವುದು ಅಭಿರುಚಿ. ಅದನ್ನು ಇಸಿದುಕೊಳ್ಳುವುದಿಲ್ಲ ಎಂದರೂ ಬಿಡುವುದಿಲ್ಲ.

ಕಾಕಾ ಈಗ ಇರುವುದು ಬೆಂಗಳೂರಿನಲ್ಲಿ. ವರ್ಷಕ್ಕೊಮ್ಮೆ ಉರುಸಿಗೆ ಊರಿಗೆ ಬರುತ್ತಾನೆ. ಗುಡಗೇರಿ ಸ್ಟೇಷನ್ನಿನಲ್ಲಿ ಇಳಿದವನೇ ಗಡಿಯಾರ ನೋಡಿ ನಗುತ್ತಾನೆ. "ಅಲ್ಲಿ ಏಳೂ ಎರಡಕ್ಕ ಟ್ರೇನ್ ಅಂದ್ರ ಏಳೂ ಎರಡಕ್ಕ. ಏಳೂ ಮೂರಕ್ಕ ಬಂದ್ರ ಮಂದಿ ಒಬ್ಬರ ಮಾರಿ ಒಬ್ಬರು ನೋಡತಾರ." ನಮ್ಮಪ್ಪ ಪ್ರತಿ ವರ್ಷವೂ ಕೇಳುತ್ತಾನೆ: "ಹಂಗಾರ ತಡಾ ಆದಾವ್ರು ಏನ್ ಮಾಡ್ತಾರೋ?" ಕಾಕಾನ ಬಳಿ ಇದಕ್ಕೆ ಉತ್ತರವಿಲ್ಲ. ಅಲ್ಲಿ ಯಾರೂ ತಡವಾಗಿ ಬರುವುದಿಲ್ಲವಂತೆ.

ಕಾಕಾ ಹೀಗಿರುವುದರಲ್ಲಿ ನಮ್ಮೂರ ದರ್ಗಾದ್ದೂ ಒಂದು ಪಾಲಿದೆ. ಶಿಶುನಾಳದ ಇಮಾಮ ಸಾಹೇಬರು, ಹಜ್ಜೂಮಾ ಅವರು ಮಕ್ಕಳಿಲ್ಲವೆಂದು ಹುಲಗೂರ ಖಾದರಿ ವಲಿಗಳಿಗೆ ಹರಕೆ ಹೊತ್ತರು, 1819ರಲ್ಲಿ ಷರೀಫ ಸಾಹೇಬರು ಹುಟ್ಟಿದರು ಎನ್ನುವುದು ಈ ಸೀಮೆಯ ಹುಡುಗರಿಗೂ ಬಾಯಿಪಾಠವಾಗಿರುವ ಕಥೆ. ನಮ್ಮ ಆಯಿಯೂ ಅದೇ ದರ್ಗಾಕ್ಕೆ ನಡೆದುಕೊಂಡಳು, ಅದೇ ಸಕ್ಕರೆ ಓದಿಸಿದಳು. ಆಕೆಗೆ ಹುಟ್ಟಿದವನು ಕಾಕಾ. ವಲಿಗಳ ಕೃಪೆಯಲ್ಲಿ ಭೇದವಿಲ್ಲ. ಸಕ್ಕರೆ ತೂಕದಲ್ಲೇ ಏನೋ ಹೆಚ್ಚುಕಡಿಮೆ ಆಗಿರಬೇಕು ಎಂದು ಅಪ್ಪನ ಅನುಮಾನ.

ಈ ಸಲ ಬಂದವನ ಕೈಯಲ್ಲಿ ಥರ್ಮಾಕೋಲ್ ಡಬ್ಬಿಯಿತ್ತು. ಅದರೊಳಗೆ ಐಸು, ಐಸಿನ ನಡುವೆ ಇನ್ನೂರು ಗ್ರಾಮಿನ ಮೂರು ಅಣಬೆ ಪೊಟ್ಟಣ. ಟವೆಲ್ಲಿನಲ್ಲಿ ಸುತ್ತಿದ ಒಂದು ಚಾಕು ಬೇರೆ. "ನಾಳೆ ಅಡಗಿ ಮನಿಗೆ ಯಾರೂ ಬರಬ್ಯಾಡ್ರಿ. ನಾ ಮಾಡಾಂವ" ಎಂದ. ಗಂಡಸು ಹೀಗೆಂದಾಗ ಮನೆಯ ಹೆಂಗಸರ ಮೈ ಜುಮ್ಮೆನ್ನುತ್ತದೆ, ಸಂತೋಷದಿಂದಲ್ಲ. ಅವ್ವ ಆಗಲೇ ಮರುದಿನಕ್ಕೆ ಎರಡು ಕೊಡ ನೀರು ಹೆಚ್ಚಿಗೆ ತುಂಬಿಟ್ಟಳು.

ಅಡಿಗೆಯ ಹೆಸರು ಝೂರಿ ಗ್‌ಶ್ನೆಟ್ಸ್‌ಲೆಟ್ಸ್. ಆ ಹೆಸರನ್ನು ಕಾಕಾ ಮೂರು ಸಲ ಹೇಳಿದ. ಮೂರನೆಯ ಸಲಕ್ಕೆ ಆಯಿ "ಶೀತಾ ಆಗೇತೇನೋ, ಕಷಾಯ ಕೊಡ್ಲಿ?" ಎಂದಳು. ತೆಳ್ಳಗೆ ಹೆಚ್ಚಿದ ಮಾಂಸ, ಅಣಬೆ, ಬಿಳಿ ವೈನು, ಕೆನೆ ಇವಿಷ್ಟರ ಸಾರು ಅದು. ಜೊತೆಗೆ ತುರಿದ ಆಲೂಗಡ್ಡೆಯನ್ನು ಬೆಣ್ಣೆಯಲ್ಲಿ ದಪ್ಪಗೆ ತಟ್ಟಿ ಕೆಂಪಗೆ ಸುಟ್ಟ ರ್ಯೋಸ್ಟಿ. ಝೂರಿಕ್ಕಿನವರು ಆ ಸಾರನ್ನು ಪುರಾತನ ಎಂಬಂತೆ ಬಡಿಸುತ್ತಾರೆ, ಆದರೆ ಅಡಿಗೆ ಪುಸ್ತಕದಲ್ಲಿ ಅದು ಮೊದಲು ಕಾಣಿಸಿಕೊಂಡದ್ದು 1947ರಲ್ಲಂತೆ. "ನಮಗ ಸ್ವಾತಂತ್ರ್ಯ ಬಂತು, ಅವರಿಗೆ ಇದು ಬಂತು" ಎಂದ ಕಾಕಾ. ಇದಕ್ಕೆ ರಷ್ಯಾದಲ್ಲೊಬ್ಬ ದಾಯಾದಿ ಇದ್ದಾನೆ, ಸ್ಟ್ರೋಗನಾಫ್ ಎಂದು. ಮೊಲೊಖೊವೆಟ್ಸ್ ಎಂಬ ಹೆಣ್ಣುಮಗಳು 1871ರಲ್ಲಿ ಅದನ್ನು ತನ್ನ ಪುಸ್ತಕಕ್ಕೆ ಸೇರಿಸಿದಾಗ ಅದರಲ್ಲಿ ಅಣಬೆಯೂ ಇರಲಿಲ್ಲ, ಉಳ್ಳಾಗಡ್ಡಿಯೂ ಇರಲಿಲ್ಲ. ಸಾಸಿವೆ ಮತ್ತು ಹುಳಿ ಕೆನೆ ಅಷ್ಟೇ. ಕಾಕಾನಿಗೆ ಎಲ್ಲವೂ ಗೊತ್ತು. ಅದೇ ತೊಂದರೆ.

"ಜೀರಿಗಿ ಎಷ್ಟ್ ಹಾಕ್ತಾರೋ?" ಆಯಿ ಕೇಳಿದಳು.

"ಹಾಕೂದಿಲ್ಲವ್ವಾ."

"ಜೀರಿಗಿ ದೇಶದ ಅಡಗಿಗೆ ಜೀರಿಗಿನ ಇಲ್ಲ!" ಆಯಿಗೆ ಆ ದೇಶದ ಮೇಲೆ ಇದ್ದ ಅಷ್ಟಿಷ್ಟು ಗೌರವವೂ ಅಲ್ಲಿಗೆ ಹೋಯಿತು.

ಕಾಕಾ ನನ್ನ ಕಿವಿಯ ಹತ್ತಿರ ಬಂದು, "ಅಸಲಿಗೆ ಅದು ಕರುವಿನ ಮಾಂಸ" ಎಂದು ಪಿಸುಗುಟ್ಟಿದ. ಆಯಿಗೆ ಕೂಗಿ ಹೇಳಿದ್ದು ಕೇಳಿಸುವುದಿಲ್ಲ, ಪಿಸುಗುಟ್ಟಿದ್ದು ಕೇಳಿಸುತ್ತದೆ. "ಏನಂದಿ?" ಎಂದು ತಿರುಗಿದಳು. ಹಿತ್ತಲಲ್ಲಿ ಆಕಳ ಕರು ಕಟ್ಟಿತ್ತು. ಆಯಿಯೇ ಕೈಯಾರೆ ಹಾಲು ಕುಡಿಸಿ ಬೆಳೆಸಿದ್ದು. ಕಾಕಾ ಒಂದು ಗಳಿಗೆ ತಡವರಿಸಿ, ಕರುವಿನ ಕೊಂಬನ್ನು ಕಿತ್ತು ಮೊದಲಿನ ಅಕ್ಷರಕ್ಕಿಟ್ಟು, ಕೊನೆಯದಕ್ಕೊಂದು ಗುಡಿಸು ಹಚ್ಚಿ, "ಕುರಿ ಅಂದೆ ಅವ್ವಾ, ಕುರಿ" ಎಂದ. ಹನ್ನೊಂದು ತಿಂಗಳಲ್ಲಿ ಅವನು ಕಲಿತದ್ದರಲ್ಲೆಲ್ಲ ಇದೇ ಉಪಯೋಗಕ್ಕೆ ಬಂದ ವಿದ್ಯೆ ಎನ್ನಬೇಕು. ಹೇಗೂ ಬೇರೆ ದಾರಿ ಇರಲಿಲ್ಲ. ನಮ್ಮ ರಾಜ್ಯದ 2020ರ ಕಾಯಿದೆಯ ಪ್ರಕಾರ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳ ಹೊರತು ಬೇರೆ ದನಗಳನ್ನು ಕಡಿಯುವಂತಿಲ್ಲ. ಹದಿಮೂರು ದಾಟಿದ ಕೋಣವನ್ನು ಈ ಅಡಿಗೆ ಕೇಳುವಂತೆ ಎರಡು ನಿಮಿಷದಲ್ಲಿ ಬೇಯಿಸುವ ಒಲೆ ಝೂರಿಕ್ಕಿನಲ್ಲೂ ಇರಲಾರದು.

ಮಟನ್ ಅಂಗಡಿಗೆ ನಾನೂ ಹೋದೆ. "ಚಾಚಾ, ಕಡ್ಡಿಪೆಟಗಿ ಕಡ್ಡಿಕಿಂತ ಒಂಚೂರು ದಪ್ಪ ಇರಬೇಕು. ಎಳಿಗೆ ಅಡ್ಡ ಕೊಯ್ಯಬೇಕು, ಉದ್ದ ಕೊಯ್ಯಬಾರದು" ಎಂದು ಕಾಕಾ ಶುರುಮಾಡಿದ. ಮಾತು ಸುಳ್ಳಲ್ಲ, ಎಳೆ ಅಡ್ಡ ತುಂಡಾದರೆ ಹಲ್ಲಿಗೆ ಕೆಲಸ ಕಡಿಮೆ.

"ಖೈಮಾ ಮಾಡ್ಲೇನ್ರಿ?" ಎಂದರು ಚಾಚಾ.

"ಖೈಮಾ ಅಲ್ಲ. ಸ್ಲೈಸ್."

ಚಾಚಾ ಯೋಚಿಸಿದರು. ಕಣ್ಣು ಅರಳಿತು. "ಖಂಡಾ ಒಣಗಸಾಕ ಅನ್ರಲಾ! ನಿಮ್ಮ ಅವ್ವಾರು ಮಾಡ್ತಿದ್ರು ಮೊದ್ಲ. ಅರಿಶಿಣ ಉಪ್ಪು ಹಚ್ಚಿ ಹಗ್ಗಕ್ಕ ಹಾಕ್ತಿದ್ರು." ಹೀಗೆಂದವರೇ ಕಾಕಾ ಬಾಯಿ ತೆರೆಯುವುದರೊಳಗೆ ಒಂದು ಕಿಲೋ ಮಾಂಸವನ್ನು ನೀಟಾಗಿ, ಎಳೆಗೆ ಅಡ್ಡಲಾಗಿ, ಪಟ್ಟಿ ಪಟ್ಟಿ ಕೊಯ್ದುಕೊಟ್ಟರು. ಟವೆಲ್ಲಿನೊಳಗಿನ ಚಾಕು ಬಿಚ್ಚುವ ಪ್ರಸಂಗವೇ ಬರಲಿಲ್ಲ. ಕಾಕಾನ ಮುಖ ಸಣ್ಣದಾಯಿತು.

ವೈನಿಗೆ ಶಿಗ್ಗಾಂವಿಗೆ ಹೋಗಬೇಕಾಯಿತು. ನಮ್ಮ ನಾಡಿನಲ್ಲಿ 'ವೈನ್ ಶಾಪ್' ಎಂಬ ಬೋರ್ಡಿನ ಅಡಿಯಲ್ಲಿ ವಿಸ್ಕಿ, ಬ್ರಾಂದಿ, ರಮ್ಮು, ಬೀರು ಎಲ್ಲ ಸಿಗುತ್ತವೆ. ವೈನು ಕೇಳಿದವನನ್ನು ಮಾತ್ರ ಕುಡಿದು ಬಂದವನಂತೆ ನೋಡುತ್ತಾರೆ. ನಂದಿ ಬೆಟ್ಟದ ಸೀಮೆಯಲ್ಲಿ ದ್ರಾಕ್ಷಿ ತೋಟದವರು ವೈನು ಮಾಡುತ್ತಾರೆ, 2007ರಿಂದ ಸರ್ಕಾರದ ವೈನ್ ಮಂಡಳಿಯೇ ಇದೆ, ವಿಜಯಪುರದಲ್ಲಿ ದ್ರಾಕ್ಷಿಯ ರಾಶಿಯೇ ಇದೆ ಎಂದೆಲ್ಲ ಕಾಕಾ ದಾರಿಯುದ್ದಕ್ಕೂ ಬೈಕಿನ ಹಿಂದೆ ಕೂತು ಹೇಳಿದ. ಕೌಂಟರಿಗೆ ಹೋಗಿ, "ಡ್ರೈ ವೈಟ್ ವೈನ್ ಐತೇನ್ರಿ?" ಎಂದ.

ಕಬ್ಬಿಣದ ಜಾಳಿಗೆಯ ಹಿಂದಿನ ಹುಡುಗ ದಿಗಿಲು ಬಿದ್ದ. "ಡ್ರೈ ಇವತ್ತಿಲ್ರಿ ಸರ್. ಡ್ರೈ ಇದ್ದ ದಿವ್ಸ ಅಂಗಡಿನ ತಗಿಯಂಗಿಲ್ಲ."

"ಡ್ರೈ ಡೇ ಅಲ್ಲಪ್ಪಾ. ಸಿಹಿ ಇರಲಾರದ್ದು."

"ಸಿಹಿ ಇರಲಾರದ್ದ ಬೇಕಂದ್ರ ಎಲ್ಲಾನೂ ಸಿಹಿ ಇಲ್ರಿ" ಎಂದು ಅವನು ಹಿಂದಿನ ಕಪಾಟಿನತ್ತ ಕೈ ತೋರಿದ. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದಿದ್ದ ಕೆಂಪು ಪೋರ್ಟ್ ವೈನಿನ ಬಾಟಲಿಯೊಂದು ಸಿಕ್ಕಿತು. ಬಿಳಿ ಕೇಳಿದರೆ ಕೆಂಪು, ಹುಳಿ ಕೇಳಿದರೆ ಬೆಲ್ಲದಂಥ ಸಿಹಿ. "ಅಡ್ಜಸ್ಟ್ ಮಾಡಬಹುದು" ಎಂದ ಕಾಕಾ. ಇಂಥವರನ್ನು ನಾನು ಮೆಚ್ಚುವುದು ಇದೊಂದು ಕಾರಣಕ್ಕೆ. ಮಾತಿನಲ್ಲಿ ಕೂದಲೆಳೆ ಬಿಡುವುದಿಲ್ಲ, ಮಾಡುವಾಗ ಕಂಬವನ್ನೇ ಬಿಟ್ಟುಬಿಡುತ್ತಾರೆ.

ಮರುದಿನ ಹನ್ನೊಂದಕ್ಕೆ ಕಾಕಾ ಏಪ್ರನ್ ಕಟ್ಟಿದ. ಯಾರೂ ಅಡಿಗೆಮನೆಗೆ ಬರಬಾರದು ಎಂದಿದ್ದವನು ಹನ್ನೊಂದೂವರೆಗೆ ಮನೆಯ ಐದೂ ಜನರನ್ನು ಕೆಲಸಕ್ಕೆ ಹಚ್ಚಿದ್ದ. ಅಪ್ಪ ಉಳ್ಳಾಗಡ್ಡಿಗೆ, ಅವ್ವ ಆಲೂಗಡ್ಡೆ ತುರಿಯುವುದಕ್ಕೆ, ತಂಗಿ ಬೇಕಾದ್ದನ್ನು ಕೈಗೆ ಕೊಡುವುದಕ್ಕೆ, ನಾನು ವಿಡಿಯೋಕ್ಕೆ. ಅಣಬೆ ಒರೆಸುವ ಕೆಲಸ ಆಯಿಯ ಪಾಲಿಗೆ ಬಂತು. ನಮ್ಮಲ್ಲಿ ಅಣಬೆ ಎಂದರೆ ಮಳೆ ಬಿದ್ದ ಮೇಲೆ ಹುತ್ತದ ಬದಿಗೆ ಏಳುವುದು. ಯಾವುದು ತಿನ್ನುವುದು, ಯಾವುದು ನಾಯಿಕೊಡೆ ಎಂದು ಬಲ್ಲವರೇ ಹೇಳಬೇಕು. ಆಯಿ ಒಂದನ್ನು ಮೂಸಿ, "ಇದು ತಿಪ್ಪಿ ಮ್ಯಾಲ ಎದ್ದದ್ದು" ಎಂದು ತೀರ್ಪು ಕೊಟ್ಟಳು. "ಅವ್ವಾ, ಎಸಿ ರೂಮಿನ್ಯಾಗ ಬೆಳದದ್ದದು!" ಎಂದು ಕಾಕಾ ನೊಂದುಕೊಂಡ. ಇಬ್ಬರದೂ ಸರಿ. ಈ ಬಿಳಿ ಗುಂಡಿ ಅಣಬೆಯನ್ನು ತಂಪು ಕೋಣೆಯಲ್ಲೇ ಬೆಳೆಯುತ್ತಾರೆ, ಆದರೆ ಹುಲ್ಲು ಗೊಬ್ಬರ ಕೊಳೆಸಿದ ತಿಪ್ಪೆಯ ಮೇಲೆಯೇ.

ಗ್ಯಾಸಿನ ಉರಿ ಸಾಲದೆಂದು ಅಡಿಗೆ ಹಿತ್ತಲ ಒಲೆಗೆ ಹೋಯಿತು. ಕಟ್ಟಿಗೆ ಹಸಿ. ಹೊಗೆಯೊಳಗಿಂದ ಕಾಕಾನ ದನಿ ಬರುತ್ತಿತ್ತು: "ವೈನ್! ವೈನ್ ಎಲ್ಲಿ? ಲಗೂ!" ಅವ್ವ ತುರಿಯುವ ಮಣೆ ಬಿಟ್ಟು ಓಡಿದಳು. "ಬಂದೆ, ಬಂದೆ. ಏನಾತು?" "ನೀವಲ್ಲ ವೈನಿ, ವೈನ್!" ಅಣ್ಣನ ಹೆಂಡತಿಯನ್ನು ವೈನಿ ಎನ್ನುವ ಮನೆಯಲ್ಲಿ ಈ ಅಡಿಗೆ ಮಾಡಲೇಬಾರದು. ಅವ್ವ ನಾಲ್ಕು ಸಲ ಓಡಿದಳು. ಐದನೆಯ ಸಲ ನಿಜವಾಗಿ ಆಕೆಯನ್ನೇ ಕರೆದಾಗ ಕದಲಲಿಲ್ಲ.

ಮಾಂಸವನ್ನು ಹಿಡಿ ಹಿಡಿಯಾಗಿ ಹಾಕಬೇಕು, ಜೋರು ಉರಿಯಲ್ಲಿ ಎರಡು ನಿಮಿಷ ಕೆಂಪಗೆ ಮಾಡಿ ತೆಗೆಯಬೇಕು. ಒಮ್ಮೆಗೇ ಸುರಿದರೆ ಬಾಣಲೆ ತಣಿದು ನೀರು ಬಿಡುತ್ತದೆ. ಇದನ್ನು ಕಾಕಾ ವಿಡಿಯೋಕ್ಕೆ ಸ್ಪಷ್ಟವಾಗಿ ಹೇಳಿ, ಒಂದು ಕಿಲೋವನ್ನೂ ಒಮ್ಮೆಗೇ ಸುರಿದ. ನೀರು ಬಿಟ್ಟಿತು. ಅದರ ಮೇಲೆ ಅಣಬೆ ಬಿದ್ದಿತು. ಅಣಬೆಯೆಂದರೆ ಮುಕ್ಕಾಲಿಗೂ ಹೆಚ್ಚು ನೀರೇ. ಬಾಣಲೆ ಹುಲಗೂರ ಕೆರೆಯಂತಾಯಿತು. "ಇದಕ್ಕ ಸ್ಟಾಕ್ ಅಂತಾರ" ಎಂದ. ಪೋರ್ಟ್ ವೈನು ಬಿದ್ದ ಮೇಲೆ ಎಲ್ಲದಕ್ಕೂ ಬದನೆಕಾಯಿಯ ಬಣ್ಣ ಬಂತು. ತಂಗಿ ಬಗ್ಗಿ ನೋಡಿ ಹಿಂದೆ ಸರಿದಳು.

ಇನ್ನು ಕೆನೆ. ಅಂಗಡಿಯ ಕ್ರೀಮನ್ನು ಹಸಿ ಹಾಲಿನಿಂದ ಯಂತ್ರದಲ್ಲಿ ಬೇರ್ಪಡಿಸುತ್ತಾರೆ. ಕುದಿಸಿದರೂ ಅದು ಸಾರಿನೊಳಗೆ ಒಂದಾಗಿ ನಿಲ್ಲುತ್ತದೆ. ನಮ್ಮ ಮನೆಯದು ಕಾಸಿದ ಎಮ್ಮೆ ಹಾಲಿನ ಮೇಲೆ ಕಟ್ಟಿದ ಕೆನೆ. ಅವ್ವ ಬೆಣ್ಣೆ ಕಡೆಯಲೆಂದು ಎಂಟು ದಿನದಿಂದ ಬೋಗುಣಿಯಲ್ಲಿ ಕೂಡಿಟ್ಟದ್ದು, ತುಸು ಹುಳಿಗೆ ತಿರುಗಿದ್ದು. "ಅದನ್ನ ಮಾತ್ರ ಮುಟ್ಟಬ್ಯಾಡ್ರಿ" ಎಂದು ಅವ್ವ ಹೇಳುವುದರೊಳಗೆ ಕಾಕಾ ಬೋಗುಣಿಯನ್ನು ಬಾಣಲೆಗೆ ಬೋರಲು ಹಾಕಿದ್ದ. ಮೊದಲು ಬೆಳ್ಳಗಾಯಿತು; ಕಾಕಾ ಗೆದ್ದವನಂತೆ ಮೊಬೈಲಿನತ್ತ ನೋಡಿದ. ಆಮೇಲೆ ಅಂಚಿನಲ್ಲಿ ಸಣ್ಣ ಸಣ್ಣ ಹರಳು ಎದ್ದವು. ಅಲ್ಲೊಂದು ಇಲ್ಲೊಂದು ಹಳದಿ ಕಣ್ಣು ಬಿಟ್ಟಿತು. ಕಣ್ಣುಗಳು ಒಂದಕ್ಕೊಂದು ಕೂಡಿಕೊಂಡವು. ಆಯಿ ಗೋಡೆ ಹಿಡಿದು ಎದ್ದು ಬಂದು ಮೂಗು ಅರಳಿಸಿದಳು.

"ಏ, ತುಪ್ಪ ಕಾಸ್ಯಾನ ನನ್ನ ಮಗ!"

ನಿಜಕ್ಕೂ ತುಪ್ಪವೇ. ಬಂಗಾರದ ಬಣ್ಣದ್ದು, ಬೆರಳು ದಪ್ಪಕ್ಕೆ ಮೇಲೆ ತೇಲುತ್ತಿತ್ತು. ಆಯಿ ಸೌಟು ಕಸಿದುಕೊಂಡು ಮೇಲಿನಿಂದ ತೆಗೆತೆಗೆದು ಸ್ಟೀಲಿನ ಡಬ್ಬಿಗೆ ತುಂಬಿದಳು. ಅಣಬೆ ವಾಸನೆ ತುಸು ಇದೆ, ಇರಲಿ, ಬಳ್ಳೊಳ್ಳಿ ಹಾಕಿ ಮತ್ತೊಮ್ಮೆ ಕಾಸಿದರೆ ಹೋಗುತ್ತದೆ ಎಂದಳು. ಅಡಿಯಲ್ಲಿ ಉಳಿದದ್ದು ನೇರಳೆ ಬಣ್ಣದ ಗಸಿ, ಅದರೊಳಗೆ ಚಪ್ಪಲಿಯ ಉಂಗುಟದಂತೆ ಬಿಗಿದುಕೊಂಡ ಮಾಂಸದ ಪಟ್ಟಿಗಳು. ಕುರಿ ನಿಧಾನಕ್ಕೆ ಬೇಯುವ ಪ್ರಾಣಿ. ಅದಕ್ಕೆ ಝೂರಿಕ್ಕಿನ ಟೈಮ್ ಟೇಬಲ್ ಗೊತ್ತಿಲ್ಲ.

ಅವ್ವ ಏನೂ ಅನ್ನಲಿಲ್ಲ. ಪಟ್ಟಿಗಳನ್ನು ಆರಿಸಿ ತೊಳೆದು ಕುಕ್ಕರಿಗೆ ಹಾಕಿದಳು. ಬ್ಯಾಡಗಿ ಮೆಣಸಿನಕಾಯಿ, ಒಣಕೊಬ್ಬರಿ, ಬಳ್ಳೊಳ್ಳಿ ಅರೆದಳು. ಆಯಿಯ ಒತ್ತಾಯಕ್ಕೆ ಜೀರಿಗೆಯನ್ನೂ ಹಾಕಿದಳು. ಐದು ಸೀಟಿ. ಅಷ್ಟರೊಳಗೆ ಆಲೂಗಡ್ಡೆ ತುರಿಯನ್ನು ಹೆಂಚಿಗೆ ತಟ್ಟಿದಳು. ರ್ಯೋಸ್ಟಿ ಮಾತ್ರ ಅಚ್ಚುಕಟ್ಟಾಗಿ ಎದ್ದಿತು. "ಥಾಲಿಪೆಟ್ ಚಲೋ ಆಗೇತಿ" ಎಂದು ಅಪ್ಪ ಎರಡು ತಿಂದ.

ಊಟಕ್ಕೆ ಕೂರುವ ಮೊದಲು ಕಾಕಾ ಬಿಳಿ ತಟ್ಟೆಯೊಂದನ್ನು ಹುಡುಕಿ ತಂದ. ಅದರಲ್ಲಿ ಒಂದು ರ್ಯೋಸ್ಟಿ, ಪಕ್ಕಕ್ಕೆ ಒಂದು ಸೌಟು ಅವ್ವನ ಖಾರದ ಸಾರು, ಮೇಲೆ ಎರಡು ಅಣಬೆ, ಒಂದೆಳೆ ಕೊತ್ತಂಬರಿ. ಕಿಟಕಿಯ ಬೆಳಕಿಗೆ ಹಿಡಿದು ಏಳೆಂಟು ಫೋಟೋ ತೆಗೆದು, 'ಹುಲಗೂರಿನಲ್ಲಿ ಝೂರಿಕ್' ಎಂದು ಬರೆದು ಎಲ್ಲರಿಗೂ ಕಳಿಸಿದ. ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಜೋಳದ ರೊಟ್ಟಿ ಮುರಿದ. ಒಂದಾಯಿತು, ಎರಡಾಯಿತು. ಮೂರನೆಯದಕ್ಕೆ ಕೈ ಚಾಚುವಾಗ ಮೊಬೈಲು ಟಣ್ ಎಂದಿತು. ಬೆಂಗಳೂರಿನಿಂದ ಕಾಕು. ನಾನು ಪಕ್ಕದಲ್ಲೇ ಕೂತಿದ್ದೆ, ಕಣ್ಣಿಗೆ ಬಿದ್ದೇಬಿಟ್ಟಿತು: "ಭಾಂಡೆ ಯಾರ್ ತಿಕ್ಕಿದ್ರು?"

ಕಾಕಾ ಮೊಬೈಲನ್ನು ಬೋರಲು ಹಾಕಿದ.

"ವೈನಿ, ಇನ್ನೊಂಚೂರು ಸಾರು ಹಾಕ್ರಿ."