ಕಾಂಟಿನೆಂಟಲ್ ಮಹಾಶಯರಿಗೆ ಮಾಕಳಿಯಿಂದ ಒಂದು ಅರ್ಜಿ

ಇವರಿಗೆ,
ಶ್ರೀಯುತ ಕಾಂಟಿನೆಂಟಲ್ ರೆಸ್ಟೋರೆಂಟ್ ಮಹಾಶಯರು,
ಎರಡನೇ ಮಹಡಿ, ಮಂದ ಬೆಳಕು, ಹೆಬ್ಬಾಳದ ಕಡೆ, ಬೆಂಗಳೂರು.

ವಿಷಯ: ತಮ್ಮಲ್ಲಿ ಉಂಡವರ ಮಿಶ್ರ ಅಭಿಪ್ರಾಯವನ್ನು ತಮ್ಮ ಗಮನಕ್ಕೆ ತರುವ ಕುರಿತು.
ಉಲ್ಲೇಖ: ಕಪ್ಪು ಚರ್ಮದ ಮಡಿಕೆಯೊಳಗಿಟ್ಟು ಕೊಟ್ಟ ತಮ್ಮ ಬಿಲ್ಲು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಇಂಥದೇ ಹೋಟೆಲು ಎಂದು ಈ ಅರ್ಜಿ ಹೇಳುವುದಿಲ್ಲ. ಯಲಹಂಕದಿಂದ ಆರ್.ಟಿ. ನಗರದವರೆಗೆ ತಮ್ಮ ಬಂಧುಬಳಗ ದೊಡ್ಡದು. ಇಲ್ಲಿ ಬರುವ ಸಂಸಾರವೂ ಒಂದೇ ಮನೆಯದಲ್ಲ, ತುಮಕೂರು ರಸ್ತೆಯ ಹತ್ತಾರು ಮನೆಗಳನ್ನು ಸೇರಿಸಿ ಹೊಲಿದದ್ದು. ಕುಂಬಳಕಾಯಿ ಸೂಪು ಎಂದಾಕ್ಷಣ ಯಾರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೋ, ಈ ಅರ್ಜಿ ಅವರಿಗೆ.

ಸದರಿ ಸಂಸಾರದಲ್ಲಿ ಆರು ಜನ: ಅಜ್ಜ, ಅಜ್ಜಿ, ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು, ಏನು ಕೊಟ್ಟರೂ ಫ್ರೆಂಚ್ ಫ್ರೈಸ್ ಕೇಳುವ ಮೊಮ್ಮಗ. ವಾಸ ಮಾಕಳಿ. ಅಂದರೆ ಊಟದ ವಿಷಯದಲ್ಲಿ ಸಾಕಷ್ಟು ಅನುಕೂಲಸ್ಥರು. ಪಕ್ಕದಲ್ಲೇ ದಾಸನಪುರದ ಎಪಿಎಂಸಿ. ಈರುಳ್ಳಿ, ಆಲೂಗಡ್ಡೆ ಲಾರಿಗಟ್ಟಲೆ ಬಂದಿಳಿಯುವ ಜಾಗ. ವಾಯವ್ಯಕ್ಕೆ ಹೆದ್ದಾರಿ ಹಿಡಿದರೆ ತುಮಕೂರಿಗೆ ಮೊದಲೇ ಕ್ಯಾತ್ಸಂದ್ರ, ಅಲ್ಲಿ ತಟ್ಟೆ ಇಡ್ಲಿ. ತಿಂದದ್ದು ಅರಗದಿದ್ದರೂ ಚಿಂತೆಯಿಲ್ಲ. 1955ರಿಂದ ಲಿವ್.52 ಮಾರುತ್ತಿರುವ ಹಿಮಾಲಯ ಕಂಪನಿಯ ಮುಖ್ಯ ವಿಳಾಸವೇ ಮಾಕಳಿ. ಇಷ್ಟೆಲ್ಲ ಬಿಟ್ಟು ಆರು ಜನ ತಮ್ಮ ಮೆಟ್ಟಿಲು ಹತ್ತಿದರು ಎಂಬುದನ್ನು ತಾವು ಗೌರವವೆಂದೇ ತಿಳಿಯಬೇಕು.

ಬಂದ ಬಗೆಯೂ ಸಾಮಾನ್ಯದ್ದಲ್ಲ. ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರಕ್ಕೆ ಬಂದು ನಿಂತಿತು. ಮಾಕಳಿ ಅದರಾಚೆ. ಹಾಗಾಗಿ ಕಾರು, ಟೋಲು, ಗೊರಗುಂಟೆಪಾಳ್ಯದ ಸಿಗ್ನಲ್ಲು, ಬಿಇಎಲ್ ಸರ್ಕಲ್ಲು, ಆಮೇಲೆ ಹೆಬ್ಬಾಳದ ಮೇಲ್ಸೇತುವೆ. ಆ ದಾರಿಯಲ್ಲಿ ಹಸಿವು ತಾನಾಗಿ ಬರುತ್ತದೆ. ತಮ್ಮ ಸ್ಟಾರ್ಟರುಗಳು ಆ ಕೆಲಸ ಮಾಡಬೇಕಾಗಿಯೇ ಇರಲಿಲ್ಲ.

ಮೊದಲ ಗೊಂದಲ ತಮ್ಮ ಹೆಸರಿನದೇ. ಕಾಂಟಿನೆಂಟ್ ಎಂದರೆ ಖಂಡ ಎಂದು ಮೊಮ್ಮಗಳು ಬಿಡಿಸಿ ಹೇಳಿದಳು. ‘ಹಾಗಾದರೆ ಇದು ಖಂಡದ ಊಟ’ ಎಂದರು ಅಜ್ಜ. ಖಂಡ ಎಂದರೆ ಈ ಕಡೆಯ ಹಳ್ಳಿಗಳಲ್ಲಿ ಮಾಂಸ ತಾನೆ. ಶನಿವಾರದ ಒಪ್ಪೊತ್ತಿನ ಅಜ್ಜಿ ಕುರ್ಚಿ ಹಿಂದಕ್ಕೆ ಸರಿಸಿದರು. ಸಮಾಧಾನ ಮಾಡುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಇಂಗ್ಲಿಷಿನವರು ತಮ್ಮ ಕಾಲುವೆಯಾಚೆಗಿನ ಯೂರೋಪನ್ನು ‘ಕಾಂಟಿನೆಂಟ್’ ಎಂದು ಕರೆದರು, ಆ ಹೆಸರು ಹಡಗು ಹತ್ತಿ ಇಲ್ಲಿಗೆ ಬಂತು. ಬಂದದ್ದು ಬರೀ ಹೆಸರು. ತಮ್ಮ ಮೆನು ಕಾರ್ಡಿನಲ್ಲಿ ಕಾಂಟಿನೆಂಟಲ್ ಸಲಾಡುಗಳ ಮೊದಲ ಸಾಲಿನಲ್ಲಿ ಕೂತ ಸೀಸರ್ ಸಲಾಡ್ ಹುಟ್ಟಿದ್ದು ಮೆಕ್ಸಿಕೊದ ಟಿಹುವಾನಾದಲ್ಲಿ, 1924ರಲ್ಲಿ, ಸೀಸರ್ ಕಾರ್ಡಿನಿ ಎಂಬ ಹೋಟೆಲಿನವನ ಕೈಯಲ್ಲಿ ಎಂಬುದು ಪ್ರತೀತಿ. ರೋಮಿನ ಚಕ್ರವರ್ತಿಗೂ ಆ ಸೊಪ್ಪಿಗೂ ಯಾವ ನಂಟೂ ಇಲ್ಲ. ಅದೇ 1924ರಲ್ಲೇ ಇತ್ತ ಬೆಂಗಳೂರಿನಲ್ಲಿ ಪಾರಂಪಳ್ಳಿಯ ಮಯ್ಯ ಸಹೋದರರು ಒಂದು ಸಣ್ಣ ಹೋಟೆಲು ತೆರೆದರು. ಮುಂದೆ ಅದು ಎಂಟಿಆರ್ ಆಯಿತು. ಆ ಮಾತು ಕೊನೆಯಲ್ಲಿ ಬರಲಿದೆ, ಬಿಲ್ಲಿನ ಜೊತೆಗೆ.

ಕೂತದ್ದಾಯಿತು. ತಮ್ಮ ದೀಪಗಳ ವಿಷಯ: ಮೆನು ಓದಲು ಆರು ಜನರಲ್ಲಿ ನಾಲ್ವರು ಮೊಬೈಲಿನ ಟಾರ್ಚು ಹೊತ್ತಿಸಿದರು. ಬೆಸ್ಕಾಂ ಮೇಲಿನ ಕರುಣೆಯೋ, ಬಲಗಡೆಯ ಅಂಕಿಗಳು ಕಾಣಬಾರದೆಂಬ ಎಚ್ಚರಿಕೆಯೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹುಡುಗನೊಬ್ಬ ಬಂದು ‘ಸ್ಟಿಲ್ ಆರ್ ಸ್ಪಾರ್ಕ್ಲಿಂಗ್, ಸರ್?’ ಎಂದ. ಅಜ್ಜನಿಗೆ ಗೊತ್ತಿರುವ ನೀರು ಎರಡೇ, ಕಾವೇರಿ ಮತ್ತು ಬೋರ್‌ವೆಲ್. ಯಾವುದಾದರೂ ಸರಿ ಎಂದರು. ಬಂದದ್ದು ಮೂರನೆಯದು, ಗಾಜಿನ ಬಾಟಲಿಯಲ್ಲಿ. ಎಂಆರ್‌ಪಿಗಿಂತ ಹೆಚ್ಚು ಹೇಗೆ ತಗೊಳ್ತಾರೆ ಎಂದು ಮಗ ಗುಡುಗಲು ಹೊರಟ. ಮೊಮ್ಮಗಳು, ಕಾನೂನು ಓದುತ್ತಿರುವವಳು, ತಡೆದಳು. ಹೋಟೆಲಿನವರು ಕೂರಿಸಿ ಬಡಿಸುವಾಗ ಬಾಟಲಿ ನೀರಿಗೆ ಎಂಆರ್‌ಪಿ ಮೀರಿ ಬೆಲೆ ಹಾಕಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿಬಿಟ್ಟಿದೆ. ಈ ವಿಷಯದಲ್ಲಿ ಕಾನೂನು ತಮ್ಮ ಕಡೆ. ಸಾದಾ ನೀರೂ ಇದೆ ಎಂದು ಹುಡುಗ ಬಾಯಿಬಿಟ್ಟು ಹೇಳಿದ್ದರೆ ಮರ್ಯಾದೆ ಕೂಡ ತಮ್ಮ ಕಡೆಯೇ ಇರುತ್ತಿತ್ತು.

ಇನ್ನು ಅಡುಗೆ. ಇಲ್ಲಿ ತಮಗೆ ಸಲ್ಲಬೇಕಾದದ್ದನ್ನು ಸಲ್ಲಿಸಲೇಬೇಕು. ಕುಂಬಳಕಾಯಿ ಸೂಪು ಅದ್ಭುತವಾಗಿತ್ತು. ಸುಟ್ಟ ಕುಂಬಳದ ಸಿಹಿ, ಮೇಲೊಂದು ಗೆರೆ ಕೆನೆ, ನಾಲ್ಕು ಬೀಜ. ನಲವತ್ತು ವರ್ಷ ಅದೇ ಕಾಯಿಯಲ್ಲಿ ಹುಳಿ ಮಾಡಿದ ಅಜ್ಜಿ ಎರಡನೇ ಚಮಚಕ್ಕೆ ಕಣ್ಣು ಮುಚ್ಚಿದರು. ‘ಇಂಗು ಬಿದ್ದಿದ್ದರೆ...’ ಎಂದು ಒಂದು ತಿದ್ದುಪಡಿ ಸೂಚಿಸಿ, ಬಟ್ಟಲನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ತಿಂದರು. ಆ ಬ್ರೆಡ್ಡೂ ಹಾಗೇ, ಹೊರಗೆ ಗರಿ, ಒಳಗೆ ಹತ್ತಿ, ಬೆಣ್ಣೆಯ ಜೊತೆ ಬಿಸಿಯಾಗಿ ಬಂತು, ಅದೂ ಉಚಿತವಾಗಿ. ಮಗ ತರಿಸಿಕೊಂಡ ಗ್ರಿಲ್ ಮಾಡಿದ ಮೀನು ಮುಳ್ಳಿಲ್ಲದೆ, ಒಣಗದೆ, ನಿಂಬೆಯ ಹದದಲ್ಲಿತ್ತು. ಇಷ್ಟರ ಮಟ್ಟಿಗೆ ಆರೂ ಜನರದ್ದು ಸರ್ವಾನುಮತ.

ಒಡಕು ಶುರುವಾದದ್ದು ಪಾಸ್ತಾದಿಂದ. ಬೆಂದಿಲ್ಲ ಎಂದರು ಅಜ್ಜ. ‘ಅಲ್ ದೆಂತೆ, ಸರ್’ ಎಂದ ಹುಡುಗ. ಇಟಾಲಿಯನ್ನಿನಲ್ಲಿ ಅದರ ಅರ್ಥ ‘ಹಲ್ಲಿಗೆ ಸಿಗುವಂತೆ’. ಅಜ್ಜನ ಹಲ್ಲು ಆ ಹೊತ್ತಿಗೆ ಕರ್ಚೀಫಿನಲ್ಲಿತ್ತು. ಎರಡು ಕಡೆಯವರೂ ಹೇಳಿದ್ದು ಸರಿಯೇ. ಬದಲು ತಂದುಕೊಡುತ್ತೇವೆ ಎಂಬ ಒಂದು ಮಾತು ಮಾತ್ರ ಎಲ್ಲಿಂದಲೂ ಬರಲಿಲ್ಲ. ಸೊಸೆಯ ಫೆಟುಚಿನಿ ಆಲ್ಫ್ರೆಡೊ ಕೆನೆಯಲ್ಲಿ ಮುಳುಗಿತ್ತು. ರೋಮಿನಲ್ಲಿ ಆಲ್ಫ್ರೆಡೊ ಡಿ ಲೆಲಿಯೊ ಮಾಡಿದ ಮೂಲ ಖಾದ್ಯಕ್ಕೆ ಬೆಣ್ಣೆ ಮತ್ತು ಪಾರ್ಮೆಸಾನ್ ಚೀಸ್ ಸಾಕಿತ್ತು, ಕೆನೆಯ ಪ್ರವಾಹ ಬಂದದ್ದು ಆಮೇಲೆ. ಮೂಲಕ್ಕೆ ನಿಷ್ಠೆ ಎಂದು ಅಜ್ಜನ ಪಾಸ್ತಾ ಗಟ್ಟಿ, ಜನರ ರುಚಿ ಎಂದು ಸೊಸೆಯ ಪಾಸ್ತಾ ನೀರು. ಒಂದೇ ಅಡುಗೆಮನೆಯಿಂದ ಎರಡು ಸಿದ್ಧಾಂತ ಹೊರಡುವುದು ಹೇಗೆಂದು ತಾವೇ ತಿಳಿಸಬೇಕು.

ಆಲೂಗಡ್ಡೆಯ ವಿಚಾರ ಇನ್ನೂ ಸೂಕ್ಷ್ಮ. ದಾಸನಪುರದಲ್ಲಿ ಮೂಟೆಯಲ್ಲಿ ಮಾರಾಟವಾಗುವ ಪ್ರಾಣಿ ತಮ್ಮಲ್ಲಿ ‘ಟ್ರಫಲ್ ಮ್ಯಾಶ್’ ಎಂಬ ಹೆಸರಿನಲ್ಲಿ ಒಂದು ಐಸ್‌ಕ್ರೀಂ ಸ್ಕೂಪಿನಷ್ಟು ಬಂತು. ಟ್ರಫಲ್ ಎಂದರೆ ಮಣ್ಣಿನಡಿ ಬೆಳೆಯುವ ದುಬಾರಿ ಅಣಬೆ. ಅಂಗಡಿಗಳಲ್ಲಿ ಸಿಗುವ ಟ್ರಫಲ್ ಎಣ್ಣೆಯಲ್ಲಿ ಬಹುಪಾಲಿಗೆ ಅಣಬೆಯ ಗಂಧಗಾಳಿ ಇರುವುದಿಲ್ಲ. 2,4-ಡೈಥಯಾಪೆಂಟೇನ್ ಎಂಬ ಪ್ರಯೋಗಾಲಯದ ವಾಸನೆಯನ್ನು ಆಲಿವ್ ಎಣ್ಣೆಗೆ ಬೆರೆಸಿರುತ್ತಾರೆ. ತಮ್ಮ ಬಾಟಲಿಯಲ್ಲಿ ಯಾವುದಿದೆಯೋ ತಮಗೇ ಗೊತ್ತು. ಅಜ್ಜಿ ಮೂಸಿ ನೋಡಿ ‘ಗ್ಯಾಸ್ ಆಫ್ ಮಾಡಿ ಬಂದಿದ್ದೀವಾ?’ ಎಂದು ಕೇಳಿದ್ದನ್ನು ಮಾತ್ರ ಇಲ್ಲಿ ದಾಖಲಿಸಲಾಗಿದೆ. ಗಾಡಿಯ ಚಕ್ರದಗಲದ ಬಿಳಿ ತಟ್ಟೆ, ನಡುವೆ ಒಂದು ಗುಡ್ಡೆ, ಸುತ್ತ ಸಾಸಿನ ಮೂರು ಬೊಟ್ಟು. ಬೆಳೆದ ಮಗನ ಮುಂದೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮೊಮ್ಮಗನ ಫ್ರೆಂಚ್ ಫ್ರೈಸ್ ಮಾತ್ರ ರಾಶಿ ಇತ್ತು. ಎಲ್ಲರ ಹೊಟ್ಟೆ ತುಂಬಿಸಿದ ಖಾದ್ಯ ಕೊನೆಗೂ ಅದೇ.

ಹಾಗಂತ ಸಂಸಾರ ಒಂದೇ ದನಿಯಲ್ಲಿ ದೂರಲಿಲ್ಲ. ಮೊಮ್ಮಗಳ ಮಟ್ಟಿಗೆ ಅದು ವರ್ಷದ ಒಳ್ಳೆಯ ಸಂಜೆ. ತಟ್ಟೆ ಖಾಲಿ ಇದ್ದರೇನು, ಅಷ್ಟು ಹೊತ್ತು ಅಪ್ಪ ಫೋನು ನೋಡದೆ ಎದುರು ಕೂತದ್ದು ಎಲ್ಲಿ ಸಿಗುತ್ತದೆ ಎಂಬುದು ಅವಳ ವಾದ. ವಾದದಲ್ಲಿ ಹುರುಳಿದೆ. ನಿಂತು ತಿನ್ನುವ ದರ್ಶಿನಿಗಳ ಊರು ಇದು. ಐದು ನಿಮಿಷಕ್ಕೆ ದೋಸೆ, ಆರನೇ ನಿಮಿಷಕ್ಕೆ ಹಿಂದೆ ನಿಂತವನ ಉಸಿರು ಕುತ್ತಿಗೆಗೆ. ಕೂತು ಉಣ್ಣುವ ಬಿಡುವು ಬೇಕೆಂದೇ ಜನ ತಮ್ಮಲ್ಲಿಗೆ ಬರುವುದು. ರೆಸ್ಟೋರೆಂಟ್ ಎಂಬ ಫ್ರೆಂಚ್ ಮಾತಿನ ಬೇರೇ ಬಳಲಿದವರಿಗೆ ಚೈತನ್ಯ ಕೊಡುವುದು ಎಂಬುದರಲ್ಲಿದೆ. ಪ್ಯಾರಿಸ್ಸಿನಲ್ಲಿ ಮೊದಲು ಆ ಹೆಸರು ಇದ್ದದ್ದು ಒಂದು ಬಗೆಯ ಸೂಪಿಗೆ. 1940ರಲ್ಲಿ ಬೇಕರಿಯಾಗಿ ಶುರುವಾದ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ ಒಂದು ಕಾಫಿ ಮುಂದಿಟ್ಟುಕೊಂಡು ಮಧ್ಯಾಹ್ನ ಕಳೆದವರ ತಲೆಮಾರುಗಳೇ ಈ ಊರಲ್ಲಿವೆ. ತಾವು ಮಾತ್ರ ‘ಟೇಬಲ್ ತೊಂಬತ್ತು ನಿಮಿಷಕ್ಕೆ’ ಎಂದು ಮೊದಲೇ ತಿಳಿಸಿದ್ದೀರಿ. ಆ ತೊಂಬತ್ತರಲ್ಲಿ ಮೂವತ್ತೈದು ನಿಮಿಷ ಮುಖ್ಯ ಖಾದ್ಯಕ್ಕೆ ಕಾದದ್ದು. ಕಾದ ಸಮಯವನ್ನು ಕಳೆದು ಕೊಡುವ ಪದ್ಧತಿ ಇದೆಯೇ ಎಂಬುದು ಈ ಅರ್ಜಿಯ ಒಂದು ಪ್ರಶ್ನೆ.

ಈಗ ಉಲ್ಲೇಖಿತ ಬಿಲ್ಲು.

ಬಿಲ್ಲಿನ ತಳದಲ್ಲಿ ‘ಎಸ್‌ಸಿ ಶೇ 10’ ಎಂದಿತ್ತು. ಸುಪ್ರೀಂ ಕೋರ್ಟಿಗೂ ಇಲ್ಲಿ ಪಾಲುಂಟೇ ಎಂದು ಅಜ್ಜ ಕೇಳಿದರು. ಅಲ್ಲ, ಸರ್ವಿಸ್ ಚಾರ್ಜ್. ಉದಾಹರಣೆಗೆ 3,000 ರೂಪಾಯಿಯ ಊಟ ಎಂದುಕೊಳ್ಳಿ. ಶೇ 5ರ ಜಿಎಸ್‌ಟಿ ಸೇರಿದರೆ 3,150. ಅದೇ ಊಟಕ್ಕೆ ಮೊದಲು 300 ಸೇವಾಶುಲ್ಕ ಸೇರಿಸಿ, ಆ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಿದರೆ 3,465. ಅಂದರೆ ತಾವು ಸೂಚಿಸಿದ ಕೃತಜ್ಞತೆಗೆ ಗ್ರಾಹಕ ಸರ್ಕಾರಕ್ಕೂ ತೆರಿಗೆ ಕಟ್ಟಬೇಕು. ಇದರ ಮೇಲೆ ಆ ಚರ್ಮದ ಮಡಿಕೆಯಲ್ಲಿ ನೂರರ ನೋಟು ಬೇರೆ ಇಟ್ಟು ಬರಬೇಕಲ್ಲವೇ ಎಂದು ಸೊಸೆಯ ಚಿಂತೆ. ಉಂಡೂ ಹೋದ ಕೊಂಡೂ ಹೋದ ಎಂಬ ಗಾದೆ ಇಷ್ಟು ದಿನ ಗಿರಾಕಿಯ ಮೇಲಿತ್ತು, ಈಗ ಕುರ್ಚಿ ಬದಲಾಗಿದೆ.

ಇಲ್ಲಿ ಕಾನೂನು ತಮ್ಮ ಕಡೆ ಇಲ್ಲ. ಸೇವಾಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು, ಅದೇ ತಿಂಗಳು ತಡೆ ಸಿಕ್ಕಿತು. 2025ರ ಮಾರ್ಚ್ 28ರಂದು ಅದೇ ಕೋರ್ಟು ಮಾರ್ಗಸೂಚಿಯನ್ನು ಎತ್ತಿಹಿಡಿದು, ಅರ್ಜಿ ಹಾಕಿದ ಎರಡು ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಕೊಡುವುದೂ ಬಿಡುವುದೂ ಗ್ರಾಹಕನ ಇಷ್ಟ. ಮೊಮ್ಮಗಳು ಇದನ್ನು ಮೆಲ್ಲಗೆ ಹೇಳಿ, ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಯನ್ನು ಇನ್ನೂ ಮೆಲ್ಲಗೆ ಹೇಳಿದಳು. ಮ್ಯಾನೇಜರ್ ಮುಖದ ನಗು ಅಲ್ ದೆಂತೆ ಆಯಿತು. ಬಿಲ್ಲು ಒಳಗೆ ಹೋಗಿ ತೆಳ್ಳಗಾಗಿ ಬಂತು. ಅಜ್ಜ ತೆಗೆದುಹಾಕಿದ ಸೇವಾಶುಲ್ಕದ ಅರ್ಧವನ್ನು ನಗದಾಗಿ ಹುಡುಗನ ಕೈಗೇ ಕೊಟ್ಟರು. ಸೇವಾಶುಲ್ಕದಲ್ಲಿ ನಿನಗೆಷ್ಟು ಬರುತ್ತಿತ್ತಪ್ಪ ಎಂದು ಕೇಳಿದ್ದಕ್ಕೆ ಅವನು ನಕ್ಕು ನೀರಿನ ಬಾಟಲಿ ಎತ್ತಿಕೊಂಡ. ನಿಜ ಹೇಳಬೇಕೆಂದರೆ ಆ ಸಂಜೆಯ ಸೇವೆಯೆಲ್ಲ ಅವನೊಬ್ಬನದೇ. ಅಜ್ಜಿಯ ಫೋರ್ಕು ಜಾರಿ ಬಿದ್ದಾಗ ಕೇಳದೆಯೇ ಚಮಚ ತಂದಿಟ್ಟವನು ಅವನೇ.

ಬಿಲ್ಲು ಬಾಕಿ ಉಳಿಸುವ ಕೆಟ್ಟ ಬುದ್ಧಿ ಮಾಕಳಿಯವರದಲ್ಲ. ಆ ಪರಂಪರೆ ತಮಗೆ ಹೆಸರು ಕೊಟ್ಟವರದ್ದೇ. ಬೆಂಗಳೂರು ಕ್ಲಬ್ಬಿನ 1899ರ ಪುಸ್ತಕದಲ್ಲಿ ವಸೂಲಾಗದ ಬಾಕಿಯವರ ಪಟ್ಟಿಯಲ್ಲಿ ಲೆಫ್ಟಿನೆಂಟ್ ಡಬ್ಲ್ಯು.ಎಲ್.ಎಸ್. ಚರ್ಚಿಲ್ ಎಂಬ ಹೆಸರಿದೆ, ಮೊತ್ತ 13 ರೂಪಾಯಿ. ಮುಂದೆ ಬ್ರಿಟನ್ನಿನ ಪ್ರಧಾನಿಯಾದವರೇ ಅವರು. ಕ್ಲಬ್ಬಿನ ಆಗಿನ ಹೆಸರು ಬೆಂಗಳೂರು ಯುನೈಟೆಡ್ ಸರ್ವಿಸ್ ಕ್ಲಬ್. ಸರ್ವಿಸ್ ಹೆಸರಿನಲ್ಲೇ ಇತ್ತು, ಚಾರ್ಜ್ ಮಾತ್ರ ಕೈಗೆ ಬರಲಿಲ್ಲ.

ಇನ್ನು ಮಯ್ಯರ ಮಾತು. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದರು. ಅಂದರೆ ನಿಜವಾದ ಕಾಂಟಿನೆಂಟಲ್ ಅನುಭವ. ತಿರುಗಿ ಬಂದವರು ಮೆನುವಿಗೆ ಬಿಳಿ ಸಾಸ್ ಸೇರಿಸಲಿಲ್ಲ. ಅಡುಗೆಮನೆಯ ಶುಚಿಯನ್ನು ತಂದರು. ಪಾತ್ರೆ ಲೋಟಗಳನ್ನು ಹಬೆಯಲ್ಲಿ ಶುಚಿಗೊಳಿಸುವ ಶಿಸ್ತು, ಗಿರಾಕಿ ಒಳಗೆ ಬಂದು ಅಡುಗೆ ನೋಡಬಹುದೆಂಬ ಧೈರ್ಯ. ತುರ್ತುಪರಿಸ್ಥಿತಿಯ ಕಾಲಕ್ಕೆ ತಿಂಡಿಯ ಬೆಲೆಯನ್ನು ಸರ್ಕಾರವೇ ಕಟ್ಟಿಹಾಕಿದಾಗ, ರುಚಿ ಇಳಿಸಲೊಪ್ಪದ ಆ ಹೋಟೆಲು ದಿನದ ನಷ್ಟ ಎಷ್ಟೆಂದು ಹೊರಗೆ ಬೋರ್ಡಿನಲ್ಲಿ ಬರೆದು ಹಾಕುತ್ತಿದ್ದುದನ್ನು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಅಜ್ಜ ಆ ಬೋರ್ಡು ನೋಡಿದ ವಯಸ್ಸಿನವರು. ಅವರ ಕೋರಿಕೆ ಇಷ್ಟೇ: ತಮಗೂ ಬಾಡಿಗೆ, ಸಂಬಳ, ದೂರದಿಂದ ಬರುವ ಚೀಸು ಎಲ್ಲ ದುಬಾರಿಯೇ ಇರಬೇಕು. ಸೂಪಿನ ಬೆಲೆ 300 ಇರುವಲ್ಲಿ 330 ಎಂದೇ ಬರೆಯಿರಿ, ಮೇಲುಗಡೆ, ದೀಪದ ಕೆಳಗೆ. ಅಜ್ಜಿ ಆಗಲೂ ಅದನ್ನೇ ತರಿಸುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಮಾಕಳಿಯ ಆರು ಜನ

ವಿ.ಸೂ: ಬರುವ ತಿಂಗಳು ಮೊಮ್ಮಗನ ಹುಟ್ಟುಹಬ್ಬ. ಕಿಟಕಿ ಪಕ್ಕದ ಟೇಬಲ್ಲು, ಅದೇ ಹುಡುಗ ಬಡಿಸುವಂತೆ. ಅಜ್ಜನ ಪಾಸ್ತಾ ಇನ್ನೈದು ನಿಮಿಷ ಒಲೆಯ ಮೇಲಿರಲಿ. ಬಾಗಿಲಲ್ಲಿ ‘ಹೊರಗಿನ ತಿನಿಸಿಗೆ ಪ್ರವೇಶವಿಲ್ಲ’ ಎಂಬ ಫಲಕ ನೋಡಿದ್ದಾಗಿದೆ. ಅಜ್ಜಿಯ ಪರ್ಸಿನಲ್ಲಿರುವ ಚಟ್ನಿಪುಡಿಯ ಪೊಟ್ಟಣವನ್ನು ಸೀಸನಿಂಗ್ ಎಂದು ಭಾವಿಸತಕ್ಕದ್ದು.