ಮೀನಖಂಡ: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ಮಂಡಿಯ ಹಿಂದೆ, ತುಸು ಕೆಳಗೆ, ಒಂದು ಜೊತೆ ಮೀನಖಂಡಗಳು ನಿಮ್ಮ ಪಾಲಿಗೆ ಬಂದಿವೆ. ಹುಟ್ಟುವಾಗಲೇ ಜೋಡಿಸಿ ಕೊಟ್ಟಿರುವುದರಿಂದ ವಾಪಸು ತೆಗೆದುಕೊಳ್ಳುವುದಿಲ್ಲ. ಈ ಕೈಪಿಡಿಯ ನೆನಪಾಗುವುದು ರಾತ್ರಿ ಎರಡು ಗಂಟೆಗೆ, ಕಾಲು ಹಿಡಿದು ಕೂಗುವಾಗ. ಹಗಲಲ್ಲೇ ಓದಿಡಿ.

1. ಕೆಲಸ ಮಾಡುವ ಬಗೆ

ಈ ಯಂತ್ರಕ್ಕೆ ಎಳೆಯುವುದೊಂದೇ ಗೊತ್ತು, ತಳ್ಳಲು ಬಾರದು. ನರದಿಂದ ಅಪ್ಪಣೆ ಬಂದೊಡನೆ ಖಂಡದ ನಾರಿನೊಳಗೆ ಕ್ಯಾಲ್ಸಿಯಂ ಚೆಲ್ಲುತ್ತದೆ. ಅಲ್ಲಿರುವ ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳು ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಗಳನ್ನು ಬಾವಿಯ ಹಗ್ಗದಂತೆ ಸೇದುತ್ತವೆ: ಹಿಡಿ, ಜಗ್ಗು, ಬಿಡು, ಮತ್ತೆ ಹಿಡಿ. ಎಳೆಗಳು ಗಿಡ್ಡವಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. 1954ರಲ್ಲಿ ಇದನ್ನು ಸಾರಿದ ವಿಜ್ಞಾನಿಗಳ ಎರಡು ತಂಡಗಳಲ್ಲೂ ಒಬ್ಬೊಬ್ಬ ಹಕ್ಸ್‌ಲಿ ಇದ್ದರು, ನೆಂಟರಲ್ಲ.

ಗಮನಿಸಿ: ಹಿಡಿತ ಬಿಡುವುದಕ್ಕೂ ಎಟಿಪಿ ಎಂಬ ಇಂಧನ ಬೇಕು.

2. ಬಳಕೆ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದೆನೆಂದು ಜಂಬ ಬೇಡ; ಕಾಲು ಹೆಚ್ಚು ನೋಯುವುದು ಇಳಿದದ್ದಕ್ಕೆ. ಇಳಿಯುವಾಗ ಖಂಡ ಬಿಗಿಹಿಡಿಯುತ್ತಲೇ ಉದ್ದವಾಗಬೇಕು. ನಾರುಗಳಲ್ಲಿ ಸಣ್ಣ ಬಿರುಕು ಬೀಳುತ್ತದೆ. ನೋವಿನ ಬಿಲ್ 24ರಿಂದ 72 ಗಂಟೆಯೊಳಗೆ ಕೈಸೇರುತ್ತದೆ. ಅದಕ್ಕೆ ಲ್ಯಾಕ್ಟಿಕ್ ಆಮ್ಲವನ್ನು ಬೈಯಬೇಡಿ. ಅದು ಅಷ್ಟರಲ್ಲಿ ಜಾಗ ಖಾಲಿ ಮಾಡಿರುತ್ತದೆ.

3. ದೋಷ ಮತ್ತು ಪರಿಹಾರ

ನಡುರಾತ್ರಿ ಗಂಟುಕಟ್ಟಿದರೆ: ಮಂಡಿ ನೆಟ್ಟಗಿಟ್ಟು ಕಾಲ್ಬೆರಳುಗಳನ್ನು ನಿಮ್ಮತ್ತ ಎಳೆದುಕೊಳ್ಳಿ. ಅಜ್ಜಿ "ನರ ಹಿಡೀತು" ಅಂದರೆ ತಿದ್ದಲು ಹೋಗಬೇಡಿ. ಸುಳ್ಳು ಅಪ್ಪಣೆ ಹೊರಡುವುದು ಬಹುಪಾಲು ನರದಿಂದಲೇ.

ಓಡುವಾಗ ಹಿಂದಿನಿಂದ ಯಾರೋ ಕಲ್ಲು ಬೀರಿದಂತಾದರೆ: ಜಗಳಕ್ಕೆ ತಿರುಗಬೇಡಿ, ಖಂಡ ಹರಿದಿರಬಹುದು. ಎಣ್ಣೆ ಹಾಕಿ ತಿಕ್ಕುವ ಉಪಕಾರಿಗಳನ್ನು ದೂರವಿಡಿ. ಮಂಜುಗಡ್ಡೆ, ಬಿಗಿಪಟ್ಟಿ, ವೈದ್ಯರು ಸಾಕು.

ಜಿಮ್ಮಿನಲ್ಲಿ ಶೌರ್ಯ ಮೆರೆದ ಮೇಲೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ: ಕೈಪಿಡಿ ಬಿಸಾಡಿ ಆಸ್ಪತ್ರೆಗೆ ಹೊರಡಿ. ಒಡೆದ ನಾರಿನ ಸರಕು ಕಿಡ್ನಿ ಕೆಡಿಸಬಲ್ಲದು.

ಪುಟ್ಟ ಹುಡುಗನ ಮೀನಖಂಡ ದಪ್ಪಗಿದ್ದೂ, ನೆಲದಿಂದೇಳಲು ಅವನು ತೊಡೆಗೆ ಕೈಯೂರುತ್ತಿದ್ದರೆ: ಇಲ್ಲಿ ತಮಾಷೆಯಿಲ್ಲ. ಡುಶೆನ್ ಕಾಯಿಲೆಯಿರಬಹುದು. ಡಿಸ್ಟ್ರೋಫಿನ್ ಎಂಬ ಪ್ರೋಟೀನಿಲ್ಲದೆ ನಾರು ಸವೆದು, ಆ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತದೆ. ತಡಮಾಡದೆ ತೋರಿಸಿ.

4. ವಾರಂಟಿ

ಉಸಿರಿರುವವರೆಗೆ. ಆಮೇಲೆ ಎಟಿಪಿ ತೀರಿ, ಹಿಡಿದ ಮಯೋಸಿನ್ ಬಿಡಲಾರದೆ ಮೈ ಕೊರಡಾಗುತ್ತದೆ. ಸಡಿಲವಾಗಿರಲು ಜೀವವೇ ಬೇಕು. ಭಾನುವಾರ ಕಾಲು ಚಾಚಿ ಕೂತಾಗ ಮನೆಯವರು ಸೋಮಾರಿ ಎಂದರೆ ಈ ಪುಟ ತೋರಿಸಿ.